ಭಾವನ ಸಿಡಿಲ ಡಬ್ಬಿ

ನಮ್ಮ ಯಜಮಾನರು ರೇಡಿಯೋ ರಿಪೇರಿ ಮಾಡುತ್ತಿದ್ದರು. ಸಿಡಿಲನ್ನು ಹಿಡಿದವರು ಎಂದು ಈಗ ಕೆಲವರು ಹೇಳುತ್ತಾರೆ. ಅವರು ಯಾವ ಸಿಡಿಲನ್ನೂ ಹಿಡಿಯಲಿಲ್ಲ. ಸಿಡಿಲು ಬರುತ್ತಿದೆ ಎಂದು ಮುಂಚೆಯೇ ಕೂಗುವ ಒಂದು ಡಬ್ಬಿ ಮಾಡಿದರು, ಅಷ್ಟೆ. ಅದನ್ನು ಹೇಗೆ ಮಾಡಿದರು, ಎಲ್ಲಿ ತಪ್ಪಿದರು, ಎರಡನ್ನೂ ಬರೆಯುತ್ತೇನೆ. ನಾನು ಓದಿದ್ದು ಐದನೇ ಕ್ಲಾಸು. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ.

ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ಕಿಟಕಿಯ ಕೆಳಗೆ ಮೇಜು. ಅದರ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಮೂರು ನಾಲ್ಕು ರೇಡಿಯೋಗಳು ಯಾವಾಗಲೂ ಇರುತ್ತಿದ್ದವು. ಬಿಚ್ಚಿದ ಸ್ಕ್ರೂಗಳನ್ನು ಬಾಟಲಿ ಮುಚ್ಚಳಗಳಲ್ಲಿ ಇಡುತ್ತಿದ್ದರು. ಯಾವ ಮುಚ್ಚಳ ಯಾವ ರೇಡಿಯೋದ್ದು ಎಂಬುದು ಅವರ ತಲೆಯಲ್ಲಿ ಮಾತ್ರ ಇತ್ತು. ಒಂದು ಸಲ ಗುಡಿಸುವಾಗ ಎರಡು ಮುಚ್ಚಳ ಚೆಲ್ಲಿಬಿಟ್ಟೆ. ಬೈಯಲಿಲ್ಲ. ನೆಲದ ಮೇಲೆ ಕೂತು ಒಂದೊಂದು ಸ್ಕ್ರೂವನ್ನೂ ಬೆಳಕಿಗೆ ಹಿಡಿದು ಬೇರೆ ಮಾಡಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ನನಗೆ.

ಬ್ಯಾಟರಿಯಲ್ಲಿ ಜೀವ ಇದೆಯೋ ಇಲ್ಲವೋ ಎಂದು ನಾಲಿಗೆಗೆ ತಾಗಿಸಿ ನೋಡುತ್ತಿದ್ದರು.

"ನನ್ನ ಅಡುಗೆ ರುಚಿ ಹೇಳೋಕೆ ಬಾಯಿ ಬರಲ್ಲ, ಬ್ಯಾಟರಿ ರುಚಿ ಮಾತ್ರ ಗೊತ್ತಾಗುತ್ತೆ" ಎಂದು ನಾನು ಚುಚ್ಚುತ್ತಿದ್ದೆ.

"ಅದರಲ್ಲಿ ಉಪ್ಪು ಯಾವತ್ತೂ ಹೆಚ್ಚಾಗಲ್ಲ ನೋಡು" ಅನ್ನುತ್ತಿದ್ದರು.

ಅವರ ಕಿವಿ ಬಹಳ ಸೂಕ್ಷ್ಮ. ರೇಡಿಯೋ ತಂದವರು ಏನಾಗಿದೆ ಎಂದು ಹೇಳುವ ಮೊದಲೇ ಒಂದು ಸಲ ಹಾಕಿ, ಕೇಳಿ, ಆರಿಸಿ, ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದರು. ಹಾಡಿನ ನಡುವೆ ಬರುವ ಕರಕರ ಸದ್ದು ಅವರಿಗೆ ಆಗದು. ಅದನ್ನು ನುಂಗಿಹಾಕಲು ಸಣ್ಣ ಕಂಡೆನ್ಸರ್ ಒಂದನ್ನು ಬೆಸೆಯುತ್ತಿದ್ದರು, ಬೇಳೆಕಾಳಿನಷ್ಟು ಇರುತ್ತದೆ ಅದು. ಮೂವತ್ತು ವರ್ಷ ಅವರು ಮಾಡಿದ ಕೆಲಸ ಒಂದೇ ಮಾತಲ್ಲಿ ಹೇಳಬೇಕೆಂದರೆ, ಕರಕರ ತೆಗೆಯುವುದು.

ನನಗೆ ಒಬ್ಬನೇ ತಮ್ಮ. ಊರಾಚೆಯ ಕಲ್ಲು ಕ್ವಾರಿಯಲ್ಲಿ ಅವನದು ಮದ್ದಿನ ಕೆಲಸ. ಬಂಡೆಗೆ ಸಾಲಾಗಿ ಕುಳಿ ಕೊರೆಯುತ್ತಾರೆ. ಕುಳಿಗೆ ಮದ್ದು ತುಂಬಿ, ಕಿಡಿ ಕೊಡುವ ಬೆರಳುದ್ದದ ಕೇಪು ಇಳಿಸಿ, ಎಲ್ಲ ಕೇಪುಗಳ ತಂತಿಯನ್ನು ಒಂದಕ್ಕೊಂದು ಕಟ್ಟುತ್ತಾರೆ. ಆಮೇಲೆ ಎಲ್ಲರೂ ಕೆಳಗಿಳಿದು ದೂರದಿಂದ ಕರೆಂಟು ಬಿಟ್ಟು ಮದ್ದು ಹಾರಿಸುತ್ತಾರೆ. ತಂತಿ ಕಟ್ಟುವುದು ನನ್ನ ತಮ್ಮ. ಎಲ್ಲರಿಗಿಂತ ಕೊನೆಗೆ ಇಳಿಯುವವನೂ ಅವನೇ. ಅವ್ವ ಸಾಯುವಾಗ ಅವನ ಕೈಯನ್ನು ನನ್ನ ಕೈಯಲ್ಲಿಟ್ಟಿದ್ದಳು. ಅವನ ಜೀವ ನನ್ನ ಜವಾಬ್ದಾರಿ ಎಂದೇ ನಾನು ತಿಳಿದಿದ್ದೆ.

ಒಂದು ಸಂಜೆ ಅವನು ಕೆಲಸದಿಂದ ನೇರ ನಮ್ಮ ಮನೆಗೆ ಬಂದ. ಕೈಕಾಲು ತೊಳೆಯದೆ ಹೊಸ್ತಿಲ ಮೇಲೆ ಕೂತ.

"ಗುಡ್ಡದ ಆಚೆ ಕ್ವಾರೀಲಿ ಇಬ್ಬರು ಹೋದರು ಅಕ್ಕ. ತಂತಿ ಕಟ್ತಾ ಇದ್ದರು. ಮದ್ದು ತಾನೇ ಹಾರಿಬಿಡ್ತು."

"ತಾನೇ ಹೇಗೆ ಹಾರುತ್ತೋ?"

"ಸಿಡಿಲು. ಅವರ ತಲೆ ಮೇಲೆ ಮೋಡವೇ ಇರಲಿಲ್ಲ, ಬಿಸಿಲಿತ್ತು. ದೂರದಲ್ಲೆಲ್ಲೋ ಹೊಡೆದದ್ದು ತಂತಿ ಹಿಡ್ಕೊಂಡು ಬಂತಂತೆ."

"ನಾಳೆಯಿಂದ ನೀನು ಹೋಗಬೇಡ."

"ಹೋಗದೆ? ಭಾವನ ಪಕ್ಕ ಕೂತು ಸ್ಕ್ರೂ ಎಣಿಸಲಾ?"

ನಮ್ಮವರು ಮೇಜಿನ ಹತ್ತಿರವೇ ಇದ್ದರು. ಸ್ಕ್ರೂ ಬಿಚ್ಚುತ್ತಲೇ ಇದ್ದರು. ತಮ್ಮ ಹೋದ ಮೇಲೆ ನಾನು ಅವರ ಮೇಲೆ ಹರಿಹಾಯ್ದೆ. "ಊರವರ ಹಾಡೆಲ್ಲ ರಿಪೇರಿ ಮಾಡ್ತೀರಿ. ನನ್ನ ತಮ್ಮನಿಗೆ ಒಂದು ಏನಾದರೂ ಮಾಡೋಕಾಗಲ್ವಾ?"

ಅವರು ಒಂದು ರೇಡಿಯೋ ಎತ್ತಿಕೊಂಡು ಹಾಕಿದರು. ಎರಡು ಸ್ಟೇಷನ್ನುಗಳ ನಡುವೆ ಏನೂ ಬಾರದ ಜಾಗಕ್ಕೆ ಮುಳ್ಳು ತಂದು ನಿಲ್ಲಿಸಿದರು. "ಕೇಳು" ಅಂದರು. ಬರೀ ಸುಯ್ ಎನ್ನುತ್ತಿತ್ತು. ಆಮೇಲೆ ನಡುವೆ ಒಂದು ಸಲ ಚಟ್ ಅಂದಿತು. ಸ್ವಲ್ಪ ಹೊತ್ತಿಗೆ ಮತ್ತೊಂದು ಚಟ್.

"ಇದೇ" ಅಂದರು. "ಎಲ್ಲೋ ಹೊಡೀತಿದೆ. ನಮಗೆ ಕಾಣ್ತಿಲ್ಲ, ಇದಕ್ಕೆ ಕೇಳ್ತಿದೆ."

ಮಾರನೆಯ ದಿನವೇ ಶುರು ಮಾಡಿದರು. ತಂದ ರಿಪೇರಿಗಳನ್ನೆಲ್ಲ ಮೇಜಿನ ಒಂದು ಬದಿಗೆ ಒತ್ತಿದರು. ನನ್ನ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ ಕೇಳಿದರು, ಕೊಟ್ಟೆ. ಸತ್ತ ರೇಡಿಯೋಗಳಿಂದ ಮೂರು ಕಾಲಿನ ಟ್ರಾನ್ಸಿಸ್ಟರ್‌ಗಳನ್ನು ಕಿತ್ತರು. ಒಂದು ಕೆಂಪು ದೀಪ, ಬಾಗಿಲ ಗಂಟೆಯೊಳಗಿನ ಕಿರ್ರೆನ್ನುವ ಸಾಮಾನು, ಗಾಳಿಗೆ ಹರಡಲು ಎಂಟು ಮಾರು ತಂತಿ. ಸಿಡಿಲಿನ ಚಟ್ ತಂತಿಗೆ ಸಿಗಬೇಕು, ಟ್ರಾನ್ಸಿಸ್ಟರ್ ಅದನ್ನು ದೊಡ್ಡದು ಮಾಡಬೇಕು, ದೀಪ ಹೊತ್ತಬೇಕು, ಗಂಟೆ ಕಿರ್ ಅನ್ನಬೇಕು. ನನಗೆ ಅರ್ಥವಾದದ್ದು ಇಷ್ಟು. ಇದಕ್ಕಿಂತ ಹೆಚ್ಚೇನೂ ಅದರಲ್ಲಿ ಇಲ್ಲ ಎಂದು ಅವರೂ ಹೇಳುತ್ತಿದ್ದರು.

ರೇಡಿಯೋ ಒಳಗಿರುವ ಕಪ್ಪು ಸರಳಿಗೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಬೇಕಿತ್ತು, ನೂರ ಇಪ್ಪತ್ತು ಸುತ್ತು. ಅವರು ಸುತ್ತುವುದು, ನಾನು ಎಣಿಸುವುದು.

"ಎಷ್ಟಾಯ್ತು?"

"ಎಂಬತ್ತಾರು. ಇಲ್ಲ, ತೊಂಬತ್ತಾರು."

"ಯಾವುದು?"

"ಅವೆರಡರಲ್ಲಿ ಒಂದು."

ಸುತ್ತಿದ್ದನ್ನೆಲ್ಲ ಬಿಚ್ಚಿದರು.

"ಹತ್ತು ಸುತ್ತು ಹೆಚ್ಚು ಕಮ್ಮಿಯಾದರೆ ಸಿಡಿಲೇನು ಬೇಜಾರು ಮಾಡ್ಕೊಳ್ಳುತ್ತಾ?"

"ಅದು ಮಾಡ್ಕೊಳ್ಳಲ್ಲ. ನಾನು ಮಾಡ್ಕೋತೀನಿ. ಒಂದರಿಂದ ಎಣಿಸು."

ಡಬ್ಬಿ ಮುಗಿಯಲು ಇಪ್ಪತ್ತು ದಿನ ಹಿಡಿಯಿತು. ಸೈಕಲ್ಲಿಗೆ ಕಟ್ಟಿಕೊಂಡು ಕ್ವಾರಿಗೆ ಒಯ್ದು, ಅಲ್ಲಿನ ಆಫೀಸು ಶೆಡ್ಡಿನಲ್ಲಿ ಇಟ್ಟು ಬಂದರು. ನನ್ನ ತಮ್ಮ ಅವರನ್ನು ಭಾವ ಎಂದು ಕರೆಯುವುದನ್ನು ಕೇಳಿ, ಕ್ವಾರಿಯ ಅರವತ್ತು ಜನರೂ ಭಾವ ಎಂದೇ ಕರೆಯತೊಡಗಿದರು. "ನನಗೆ ಇಷ್ಟೊಂದು ಜನ ಭಾಮೈದರು ಅಂತ ಮದುವೆಗೆ ಮುಂಚೆ ಯಾರೂ ಹೇಳಲಿಲ್ಲ" ಎಂದು ಮನೆಗೆ ಬಂದು ನಕ್ಕರು.

ಮೂರೇ ದಿನಕ್ಕೆ ಕ್ವಾರಿಯ ಮೇಸ್ತ್ರಿ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬಂದ. ಅವನು ದೊಡ್ಡ ಗಂಟಲಿನ ಮನುಷ್ಯ.

"ಭಾವ, ಇದು ಬೆಳಿಗ್ಗೆಯಿಂದ ಸಂಜೆವರೆಗೆ ಕಿರ್ ಕಿರ್ ಕಿರ್. ನಮ್ಮ ಮನೇಲಿ ಒಬ್ಬಳಿದ್ದಾಳೆ, ಸಾಲದಾ?"

ನಮ್ಮವರಿಗೆ ಕಾರಣ ತಿಳಿಯಿತು. ಕಲ್ಲು ಪುಡಿ ಮಾಡುವ ಕ್ರಷರಿನ ಮೋಟಾರಿನಲ್ಲಿ ಕಿಡಿ ಹಾರುತ್ತಿತ್ತು. ಆ ಕಿಡಿಯನ್ನೂ ಡಬ್ಬಿ ಸಿಡಿಲೆಂದೇ ಕೇಳಿಸಿಕೊಳ್ಳುತ್ತಿತ್ತು. ಮೇಸ್ತ್ರಿ ಟೀ ಕುಡಿದು ಮುಗಿಸುವಷ್ಟರಲ್ಲಿ ಡಬ್ಬಿ ಬಿಚ್ಚಿ, ಒಂದು ಕಂಡೆನ್ಸರ್ ಬೆಸೆದು ಕೊಟ್ಟರು. ಡಬ್ಬಿ ಸುಮ್ಮನಾಯಿತು. ಎಲ್ಲರಿಗೂ ಸಮಾಧಾನವಾಯಿತು.

ಹನ್ನೊಂದು ದಿನದ ಮೇಲೆ ಗುಡ್ಡದ ನೆತ್ತಿಗೆ ಸಿಡಿಲು ಹೊಡೆಯಿತು. ಹತ್ತು ಕುಳಿಗಳಿಗೆ ಮದ್ದು ತುಂಬಿತ್ತು. ಅದರಲ್ಲಿ ನಾಲ್ಕು ಹಾರಿದವು. ತಂತಿಯ ಇನ್ನೊಂದು ಸುರುಳಿ ತರಲು ನನ್ನ ತಮ್ಮ ನಲವತ್ತು ಹೆಜ್ಜೆ ಆಚೆ ಹೋಗಿದ್ದ, ಆದ್ದರಿಂದ ಉಳಿದ. ಬೆನ್ನಿಗೆ ಕಲ್ಲಿನ ಚೂರು ನಾಟಿದ್ದವು. ಎಡಗಿವಿ ಪೂರ್ತಿ ಹೋಯಿತು. ಬೇರೆ ಯಾರಿಗೂ ಪೆಟ್ಟಾಗಲಿಲ್ಲ. ಡಬ್ಬಿ ಕಿರ್ ಎನ್ನಲಿಲ್ಲ. ಅದರ ಮೇಲೆ ನಂಬಿಕೆ ಇಟ್ಟು ಅವತ್ತು ಯಾರೂ ಆಕಾಶ ನೋಡಿರಲಿಲ್ಲ.

ನಮ್ಮವರು ಡಬ್ಬಿ ತರಿಸಿಕೊಂಡು ಮೇಜಿನ ಮೇಲೆ ಬಿಚ್ಚಿದರು. ನೋಡಿದ ತಕ್ಷಣ ಕೈ ಕೆಳಗಿಟ್ಟರು. ಕರಕರ ನುಂಗುವ ಕಂಡೆನ್ಸರನ್ನು ತಂತಿ ಒಳಗೆ ಬರುವ ಬಾಯಲ್ಲೇ ಹಾಕಿದ್ದರು. ಮೂವತ್ತು ವರ್ಷ ರೇಡಿಯೋಗಳಿಗೆ ಹಾಕಿದ ಜಾಗದಲ್ಲೇ. ರೇಡಿಯೋಗೆ ಹಾಡು ಬೇಕು, ಕರಕರ ಬೇಡ. ಈ ಡಬ್ಬಿಗೆ ಬೇಕಾದದ್ದೇ ಕರಕರ. ಕೈ ರೂಢಿಯಂತೆ ಕೆಲಸ ಮಾಡಿಬಿಟ್ಟಿತ್ತು. ತಲೆ ಜೊತೆಗಿರಲಿಲ್ಲ.

ಇದನ್ನು ಅವರು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕ್ವಾರಿಯಲ್ಲಿ ಡಬ್ಬಿ ಬಿಚ್ಚಿ ನೋಡಬಲ್ಲವರು ಯಾರಿದ್ದರು? ಕೆಟ್ಟಿತ್ತು ಎಂದಿದ್ದರೆ ನಾನೂ ನಂಬುತ್ತಿದ್ದೆ. ಅವರು ಮೊದಲು ಹೇಳಿದ್ದು ನನಗೆ. ನಾನು ಆಡಬಾರದ ಮಾತು ಆಡಿದೆ. ಆಮೇಲೆ ಮಾತೇ ನಿಲ್ಲಿಸಿದೆ.

ಮರುದಿನ ಬೆಳಿಗ್ಗೆ ಕ್ವಾರಿಗೆ ಹೋಗಿ, ಹಾಜರಿ ಕೂಗುವ ಹೊತ್ತಿಗೆ ಎಲ್ಲರೆದುರು ನಿಂತರಂತೆ. "ಡಬ್ಬಿ ಕೆಟ್ಟಿರಲಿಲ್ಲ. ನಾನೇ ಅದರ ಕಿವಿ ಮುಚ್ಚಿದ್ದೆ. ಮುಚ್ಚಿದ ಮೇಲೆ ಒಂದು ದಿನ ಪರೀಕ್ಷೆ ಮಾಡ್ಲಿಲ್ಲ. ಎರಡೂ ನನ್ನ ತಪ್ಪು" ಎಂದರಂತೆ.

ಮೇಸ್ತ್ರಿ, "ಹೋಗಿ ಭಾವ, ಹಾಡೋ ಡಬ್ಬಿ ರಿಪೇರಿ ಮಾಡ್ಕೊಂಡು ಇರಿ. ಕಲ್ಲಿನ ತಂಟೆ ನಿಮಗೆ ಬೇಡ" ಅಂದನಂತೆ. ಹಾಗೆ ಅನ್ನಲು ಅವನಿಗೆ ಹಕ್ಕಿತ್ತು.

ಅಲ್ಲಿಂದ ಆಸ್ಪತ್ರೆಗೆ ಬಂದರು. ನಾನು ತಮ್ಮನ ಮಂಚದ ಪಕ್ಕದಲ್ಲೇ ಇದ್ದೆ, ಅವರ ಮುಖ ನೋಡಲಿಲ್ಲ.

"ತಪ್ಪು ನಂದು ಕಣೋ" ಅಂದರು.

"ಆ ಕಡೆಯಿಂದ ಬನ್ನಿ ಭಾವ. ಈ ಕಿವಿ ರಜೆ ಹಾಕಿದೆ."

ಮಂಚ ಸುತ್ತಿ ಆ ಕಡೆ ಹೋಗಿ ಮತ್ತೆ ಹೇಳಿದರು.

"ಮೊದಲ ಸಲವೇ ಗೊತ್ತಾಗಿತ್ತು. ನೀವು ತಪ್ಪು ಒಪ್ಕೊಳ್ಳೋದು ಅಪರೂಪ ಅಂತ ಎರಡು ಸಲ ಹೇಳಿಸ್ದೆ" ಎಂದು ನಕ್ಕ. ನಮ್ಮವರು ನಗಲಿಲ್ಲ. "ನಾನು ವಾಸಿಯಾಗಿ ವಾಪಸು ಅಲ್ಲಿಗೇ ಹೋಗೋದು ಭಾವ. ಬೇರೆ ಕೆಲಸ ನನಗೆ ಬರಲ್ಲ. ಅಷ್ಟರಲ್ಲಿ ಸರಿ ಮಾಡಿಡಿ" ಎಂದ.

ನಮ್ಮವರು ಮತ್ತೆ ಕೂತರು. ಬೇಳೆಕಾಳಿನಷ್ಟಿದ್ದ ಕಂಡೆನ್ಸರನ್ನು ಕಿತ್ತು, ಕಣ್ಣಿಗೆ ಕಾಣುವ ಹಾಗೆ ಗೋಡೆಯ ಮೊಳೆಗೆ ಕಟ್ಟಿದರು. ದಿನಾ ಮಧ್ಯಾಹ್ನ ಊಟಕ್ಕೆಂದು ಕ್ರಷರ್ ನಿಲ್ಲಿಸುವ ಹೊತ್ತಿಗೆ ಸೈಕಲ್ ತುಳಿದು ಕ್ವಾರಿಗೆ ಹೋದರು. ಜನ ಉಣ್ಣುವಾಗ ಅವರು ಮೋಟಾರಿನೊಳಗೆ ತಲೆ ಹಾಕಿ ಮಲಗಿರುತ್ತಿದ್ದರು. ಅದರಲ್ಲಿ ಸವೆದ ಕಾರ್ಬನ್ ತುಂಡುಗಳನ್ನು ಬದಲಾಯಿಸಿದರು. ಕಿಡಿ ನುಂಗಲು ದೊಡ್ಡ ಕಂಡೆನ್ಸರನ್ನು ಮೋಟಾರಿಗೇ ಕಟ್ಟಿದರು. ಗಲಾಟೆ ಮಾಡುವವನ ಬಾಯಿ ಮುಚ್ಚಿಸಬೇಕಿತ್ತು, ಕೇಳುವವನ ಕಿವಿಯನ್ನಲ್ಲ ಎಂದು ಆಮೇಲೆ ಹೇಳುತ್ತಿದ್ದರು. ಶೆಡ್ಡಿನ ಕರೆಂಟಿನಲ್ಲೂ ಮೋಟಾರಿನ ಕರಕರ ಬರುತ್ತದೆ ಎಂದು ಡಬ್ಬಿಯನ್ನು ಕರೆಂಟಿನ ಬದಲು ಬ್ಯಾಟರಿಗೆ ಹಾಕಿದರು. ಮೇಸ್ತ್ರಿ ಬೇಡ ಅನ್ನಲಿಲ್ಲ, ಸಹಾಯವನ್ನೂ ಮಾಡಲಿಲ್ಲ. ಅವರನ್ನು ದಾಟಿಕೊಂಡು ಓಡಾಡಿದ.

ಆದರೆ ಪರೀಕ್ಷೆ ಮಾಡುವುದು ಹೇಗೆ? ಡಬ್ಬಿಗೆ ಕಿವಿ ಇದೆಯೋ ಇಲ್ಲವೋ ನೋಡಲು ಸಿಡಿಲನ್ನು ಕರೆತರಲಾಗುವುದಿಲ್ಲ. ಇದಕ್ಕೆ ದಾರಿ ಸಿಕ್ಕಿದ್ದು ನನ್ನ ಒಲೆಯಲ್ಲಿ. ನಾನು ಮಾತು ಬಿಟ್ಟು ಒಂಬತ್ತು ದಿನವಾಗಿತ್ತು. ಬೆಳಿಗ್ಗೆ ಲೈಟರ್ ಒತ್ತಿ ಗ್ಯಾಸ್ ಹಚ್ಚಿದೆ. ಮುಂದಿನ ಕೋಣೆಯಲ್ಲಿ ಡಬ್ಬಿ ಕಿರ್ ಅಂದಿತು. ಅವರು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತರು.

"ಇನ್ನೊಂದು ಸಲ ಹಚ್ಚು."

"ಉರೀತಾ ಇದೆಯಲ್ಲ."

"ಆರಿಸಿ ಹಚ್ಚು."

ಆರಿಸಿ ಹಚ್ಚಿದೆ. ಕಿರ್ ಅಂದಿತು. ಲೈಟರಿನ ಕಿಡಿಯೂ ಸಿಡಿಲಿನದೇ ಜಾತಿ, ಬಹಳ ಚಿಕ್ಕದು ಎಂದು ವಿವರಿಸಿದರು. ಹತ್ತು ಸಲ ಹಚ್ಚಿಸಿದರು. ಹತ್ತು ಸಲವೂ ಡಬ್ಬಿ ಕೂಗಿತು. "ಅಡುಗೆ ಆಗೋದು ಬೇಡ್ವಾ?" ಎಂದು ಕೇಳಿದೆ. ಹಾಗೆ ಮಾತು ಮತ್ತೆ ಶುರುವಾಯಿತು. ಲೈಟರನ್ನು ಅವರೇ ಕ್ವಾರಿಗೆ ಒಯ್ದರು, ನಾನು ಬೆಂಕಿಪೆಟ್ಟಿಗೆಗೆ ಬಂದೆ. ದಿನಾ ಮದ್ದು ತುಂಬುವ ಮೊದಲು ಡಬ್ಬಿಯ ಹತ್ತಿರ ಲೈಟರ್ ಒತ್ತಬೇಕು. ಕಿರ್ ಅಂದರೆ ಕೆಲಸ, ಅನ್ನದಿದ್ದರೆ ಅವತ್ತು ಮದ್ದಿಲ್ಲ. ಇದನ್ನು ಒಂದು ರಟ್ಟಿನ ಮೇಲೆ ಬರೆದು ಶೆಡ್ಡಿನಲ್ಲಿ ತೂಗುಹಾಕಿದರು. ಮೇಸ್ತ್ರಿ ಅದರ ಮೇಲೆ ತನ್ನ ಅಂಗಿ ತೂಗುಹಾಕಿದ.

ತಮ್ಮ ಕೆಲಸಕ್ಕೆ ಮರಳಿದ ಐದನೆಯ ದಿನ ನಾನೂ ಕ್ವಾರಿಯಲ್ಲಿದ್ದೆ. ನಮ್ಮವರು ಬುತ್ತಿ ಮರೆತು ಹೋಗಿದ್ದರು, ಕೊಡಲು ಹೋಗಿದ್ದೆ. ನೆತ್ತಿ ಸುಡುವ ಬಿಸಿಲು. ಮೋಡದ ಒಂದು ಚೂರೂ ಇರಲಿಲ್ಲ. ಮೇಲೆ ಬಂಡೆಯ ಮೇಲೆ ಹದಿನಾಲ್ಕು ಕುಳಿಗೆ ಮದ್ದು ತುಂಬಿಯಾಗಿತ್ತು. ತಮ್ಮ ಮತ್ತು ಐವರು ತಂತಿ ಕಟ್ಟುತ್ತಿದ್ದರು. ಕೆಳಗೆ ಶೆಡ್ಡಿನಲ್ಲಿ ಡಬ್ಬಿ ಕಿರ್ ಅಂದಿತು. ಸ್ವಲ್ಪ ಬಿಟ್ಟು ಮತ್ತೆ ಕಿರ್.

"ಶುರುವಾಯ್ತು" ಅಂದ ಮೇಸ್ತ್ರಿ. "ಮೋಟಾರು, ಭಾವ. ನಿಮ್ಮ ಡಬ್ಬಿಗೆ ನಮ್ಮ ಮೋಟಾರಿನ ಮೇಲೆ ಕಣ್ಣು."

"ಮೋಟಾರ್ ನಿಲ್ಲಿಸಿ."

"ನಿಲ್ಲಿಸಿದರೆ ಲಾರಿಯವರು ನನ್ನ ತಲೆ ತಿಂತಾರೆ."

"ತಿನ್ನಲಿ. ಒಂದೇ ನಿಮಿಷ ನಿಲ್ಲಿಸಿ."

ಗೊಣಗುತ್ತಾ ನಿಲ್ಲಿಸಿದ. ಇಡೀ ಕ್ವಾರಿ ಸದ್ದಡಗಿತು. ಆ ಮೌನದಲ್ಲಿ ಡಬ್ಬಿ ಕಿರ್ ಅಂದಿತು. ಎಣಿಸಿದೆ, ಎಂಟಾಗುವಷ್ಟರಲ್ಲಿ ಮತ್ತೆ ಅಂದಿತು.

ಮೇಸ್ತ್ರಿ ಆಕಾಶ ನೋಡಿದ. "ಅರ್ಧ ಗಂಟೆ ಕೆಲಸ ಉಳಿದಿದೆ. ಕಟ್ಟಿ, ಹಾರಿಸಿ, ಇಳೀತಾರೆ."

ನಮ್ಮವರು ಅವನ ಜೊತೆ ವಾದ ಮಾಡಲಿಲ್ಲ. ಹೊರಗೆ ಬಂದು ಬಂಡೆ ಹತ್ತತೊಡಗಿದರು. ಅವರಿಗೆ ಮೊಣಕಾಲು ನೋವಿತ್ತು, ಮನೆಯ ಮೂರು ಮೆಟ್ಟಿಲಿಗೂ ಗೋಡೆ ಹಿಡಿಯುತ್ತಿದ್ದರು. ನಾನು "ರೀ" ಎಂದು ಕೂಗಿದೆ. ತಿರುಗಲಿಲ್ಲ. ಸಿಡಿಲು ಬರುತ್ತದೆ ಎಂದು ಆ ಜಾಗದಲ್ಲಿ ಖಂಡಿತ ಗೊತ್ತಿದ್ದವರು ಅವರೊಬ್ಬರೇ. ಹೋಗುತ್ತಿದ್ದುದು ಮದ್ದಿನ ಕಡೆಗೆ.

ಮುಂದಿನದು ತಮ್ಮ ಹೇಳಿದ್ದು. ಮೇಲೆ ಹೋದವರು ಏದುಸಿರಿನಲ್ಲಿ, "ಇಳೀರಿ ಎಲ್ಲರೂ" ಎಂದರಂತೆ. ಒಬ್ಬ, "ಹೋದ ಸಲವೂ ನಿಮ್ಮ ಡಬ್ಬಿ ಇತ್ತಲ್ಲ ಭಾವ" ಎಂದು ಕೆಣಕಿದ. ನಮ್ಮವರು ಆರನೇ ಕುಳಿಯ ಪಕ್ಕ ಬಂಡೆಯ ಮೇಲೆ ಕೂತುಬಿಟ್ಟರು. "ಹೌದು, ಇತ್ತು. ಹೋದ ಸಲ ನಾನು ಮನೇಲಿದ್ದೆ, ನೀವು ಇಲ್ಲಿದ್ರಿ. ಈ ಸಲ ನಾನೂ ಇಲ್ಲೇ ಇರ್ತೀನಿ. ನೀವು ಯಾವಾಗ ಇಳೀತೀರೋ ಆಗ ನಾನು."

ನನ್ನ ತಮ್ಮ ಕೈಯಲ್ಲಿದ್ದ ತಂತಿ ಕೆಳಗಿಟ್ಟ. "ಎದ್ದೇಳಿ, ನಿಮಗೇನಾದರೂ ಆದರೆ ಅಕ್ಕ ನನ್ನನ್ನು ಕೊಂದುಹಾಕ್ತಾಳೆ. ಅದಕ್ಕಿಂತ ಸಿಡಿಲೇ ವಾಸಿ" ಅಂದ. ಅವನು ಇಳಿದದ್ದು ನೋಡಿ ಉಳಿದವರೂ ಇಳಿದರು. ತಮ್ಮ ಅವರ ತೋಳು ಹಿಡಿದು ಕರೆತಂದ.

ಎಲ್ಲರೂ ದೂರದ ಲಾರಿ ನಿಲ್ಲುವ ಜಾಗದಲ್ಲಿ ನಿಂತೆವು. ಮೇಸ್ತ್ರಿ ಗಡಿಯಾರ ನೋಡುತ್ತಿದ್ದ. ಇಪ್ಪತ್ತೈದು ನಿಮಿಷ ಏನೂ ಇಲ್ಲ. ಒಂದಿಬ್ಬರು ನಕ್ಕರು. ನಮ್ಮವರು ಮೊಣಕಾಲು ನೀವಿಕೊಳ್ಳುತ್ತಾ ಕೂತಿದ್ದರು. ಆಮೇಲೆ ಗುಡ್ಡದ ಹಿಂದಿನಿಂದ ಮೋಡ ಮೇಲೆದ್ದಿತು. ಗಾಳಿ ಬಂತು. ಮೂರು ಸಲ ಹೊಡೆಯಿತು. ಎರಡನೆಯದು ಬಂಡೆಯ ತುದಿಗೇ ಬಿತ್ತು. ಆ ಬೆಳಕಲ್ಲಿ ಮೇಸ್ತ್ರಿಯ ಮುಖ ನೋಡಿದೆ. ಅವನು ಬಂಡೆ ನೋಡುತ್ತಿರಲಿಲ್ಲ, ಇಳಿದು ಬಂದ ತನ್ನ ಆರು ಜನರನ್ನು ಎಣಿಸುತ್ತಿದ್ದ.

ಹದಿನಾಲ್ಕೂ ಕುಳಿ ಹಾರಿದವು ಎಂದು ಈಗ ಹೇಳುತ್ತಾರೆ. ಸುಳ್ಳು. ಒಂದೂ ಹಾರಲಿಲ್ಲ. ಅವರು ಇದ್ದಿದ್ದರೆ ಈ ಸುಳ್ಳಿಗೆ ಸಿಟ್ಟಾಗುತ್ತಿದ್ದರು, ಅದಕ್ಕೇ ಬರೆದೆ. ಯಾರೋ, "ಹಾರಲೇ ಇಲ್ವಲ್ಲ ಭಾವ" ಅಂದಾಗ, "ಒಳ್ಳೇದೇ ಆಯ್ತಲ್ಲ" ಅಂದರು. ಮರುದಿನ ಮೇಸ್ತ್ರಿ ರಟ್ಟಿನ ಮೇಲಿದ್ದ ಅಂಗಿ ತೆಗೆದು, ಲೈಟರನ್ನು ತಾನೇ ಒತ್ತಿದ. ಆಮೇಲೆ ಬೇರೆ ಕ್ವಾರಿಯವರೂ ಬಂದರು. ನಮ್ಮವರು ಒಟ್ಟು ಇಪ್ಪತ್ತಮೂರು ಡಬ್ಬಿ ಮಾಡಿಕೊಟ್ಟರು. ಕೊಡುವಾಗಲೆಲ್ಲ ಮೊದಲ ಡಬ್ಬಿಯಲ್ಲಿ ತಾವು ಮಾಡಿದ ತಪ್ಪನ್ನು ಪೂರ್ತಿ ಹೇಳಿಯೇ ಕೊಡುತ್ತಿದ್ದರು. "ಅದನ್ನೇಕೆ ಊರಿಗೆಲ್ಲ ಸಾರ್ತೀರಿ?" ಎಂದು ಕೇಳಿದ್ದೆ. "ರಿಪೇರಿ ಮಾಡೋ ಇನ್ನೊಬ್ಬನ ಕೈಗೂ ಅದೇ ರೂಢಿ ಇರುತ್ತಲ್ಲ" ಅಂದಿದ್ದರು.

ಇದೆಲ್ಲ ಆಗಿ ಹದಿನೇಳು ವರ್ಷ. ಆ ಕ್ವಾರಿಯಲ್ಲಿ ಸಿಡಿಲಿನಿಂದ ಮತ್ತೆ ಯಾರಿಗೂ ಏನೂ ಆಗಲಿಲ್ಲ.

ಹೋದ ವರ್ಷ ನಮ್ಮವರು ಹಾಸಿಗೆ ಹಿಡಿದರು. ಶ್ವಾಸಕೋಶ ಕೆಟ್ಟಿತ್ತು, ಬೆಸುಗೆಯ ಹೊಗೆ ಇರಬಹುದು ಎಂದರು ಡಾಕ್ಟರು. ಮುಂದಿನ ಕೋಣೆಯಲ್ಲೇ ಮಂಚ ಹಾಕಿದ್ದೆವು. ತಮ್ಮ ಕ್ವಾರಿ ಕೆಲಸ ಪೂರ್ತಿ ಬಿಟ್ಟ ದಿನ ಧೂಳಿನ ಬಟ್ಟೆಯಲ್ಲೇ ಬಂದು ಮಂಚದ ಮೇಲೆ ಕೂತ.

"ಇಳಿದು ಬಂದೆ ಭಾವ. ಇನ್ನು ಹತ್ತೋದಿಲ್ಲ."

"ಬೇರೆಯವರು?" ಅಂದರು. ಒಂದೊಂದು ಮಾತಿಗೂ ಉಸಿರು ಸಾಲುತ್ತಿರಲಿಲ್ಲ.

"ಇವತ್ತು ಎಲ್ಲರೂ ಇಳಿದಿದ್ದಾರೆ. ನಾಳೆ ನನ್ನ ಬದಲು ಬೇರೊಬ್ಬ ಹತ್ತುತ್ತಾನೆ."

ಕಣ್ಣು ಮುಚ್ಚಿದರು. ಮಲಗಿದರು ಎಂದುಕೊಂಡೆವು. ಸ್ವಲ್ಪ ಹೊತ್ತಿಗೆ, "ಡಬ್ಬಿ ಬ್ಯಾಟರಿ ಹಳೇದಾಗಿದೆ. ಬದಲಾಯಿಸೋಕೆ ಹೇಳು" ಅಂದರು. ಅದಾದ ಮೇಲೆ ನಾಲ್ಕು ದಿನ ಇದ್ದರು, ಮಾತಾಡಲಿಲ್ಲ. ನನಗೂ ಒಂದು ಮಾತು ಹೇಳುತ್ತಾರೆ ಎಂದು ಪಕ್ಕದಲ್ಲೇ ಕಾದಿದ್ದೆ. ಹೇಳಲಿಲ್ಲ.

ಬ್ಯಾಟರಿ ಬದಲಾಯಿಸಿದ್ದಾರೆ. ನಾನೇ ಹೋಗಿ ನೋಡಿಕೊಂಡು ಬಂದೆ.